ನಡೆದರೆ ಸಂಶೋಧನೆಗೆ ನಿಜವಾಗಿ ಉಪಯೋಗ ಇದೆಯಾ? ಚಿಕಿತ್ಸೆ ಮುಗಿದ ಅಕ್ಕನನ್ನೂ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನನಗೆ 38 ವರ್ಷ. ನಮ್ಮಕ್ಕನಿಗೆ 44ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಶನ್, ಕಿಮೋ, ರೇಡಿಯೇಶನ್ ಎಲ್ಲ ಮುಗಿದು ಏಳು ತಿಂಗಳಾಯಿತು, ಈಗ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಸ್ತನ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ 10 ಕಿಲೋಮೀಟರ್ ನಡಿಗೆಯೊಂದು ಇನ್ನು ಮೂರು ತಿಂಗಳಿಗೆ ಇದೆ. ನಾನು ಹೆಸರು ಕೊಡಬೇಕು ಅಂತಿದ್ದೇನೆ. ಅಕ್ಕ ತಾನೂ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅಮ್ಮನಿಗೆ ಭಯ. ನನ್ನ ಗಂಡ ಮಾತ್ರ "ಸುಮ್ನೆ ನಡೆದರೆ ಕ್ಯಾನ್ಸರ್‌ಗೆ ಔಷಧ ಸಿಗುತ್ತಾ? ಆ ದುಡ್ಡನ್ನು ನೇರವಾಗಿ ಕೊಟ್ಟುಬಿಡು" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಮನೆಯವರ, ಅಂದರೆ ಗಂಡನ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವರು ಕೇಳಿದ್ದು ತಮಾಷೆಗೇ ಇದ್ದರೂ ಪ್ರಶ್ನೆ ಗಟ್ಟಿಯಾಗಿದೆ. ಬರೀ ನಡೆಯುವುದರಿಂದ ಯಾವ ಔಷಧವೂ ಸಿಗುವುದಿಲ್ಲ, ನಿಜ. ನೀವು ಕೊಡಬೇಕು ಅಂದುಕೊಂಡ ಹಣವನ್ನು ಮನೆಯಲ್ಲೇ ಕೂತು ಒಂದು ಒಳ್ಳೆಯ ಸಂಸ್ಥೆಗೆ ಕಳಿಸಿದರೆ ಟೀ ಶರ್ಟು, ಬ್ಯಾನರು, ಮೈಕು ಇವ್ಯಾವುದರ ಖರ್ಚೂ ಅದರಲ್ಲಿ ಕಳೆಯುವುದಿಲ್ಲ. ಆದರೆ ಹಾಗೆ ಕಳಿಸಿದರೆ ಅದು ನಿಮ್ಮೊಬ್ಬರ ದುಡ್ಡು ಅಷ್ಟೇ. ನಾನು ಇಷ್ಟು ದೂರ ನಡೆಯುತ್ತಿದ್ದೇನೆ, ನೀವೂ ಕೈಲಾದಷ್ಟು ಕೊಡಿ ಅಂತ ನಲವತ್ತು ಜನರನ್ನು ಕೇಳಿ, ಅದರಲ್ಲಿ ಅರ್ಧ ಜನ ಕೊಟ್ಟರೂ, ಅವರಲ್ಲಿ ಎಷ್ಟೋ ಜನ ಈ ಕಾಯಿಲೆಯ ಸಂಶೋಧನೆಗೆ ಅಂತ ಹಿಂದೆಂದೂ ಜೇಬಿಗೆ ಕೈ ಹಾಕದವರು. ನಡಿಗೆ ಅನ್ನೋದು ಕೇಳುವುದಕ್ಕೆ ಸಿಗುವ ಒಂದು ನೆಪ. ಒಳ್ಳೆಯ ನೆಪ.

1983ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಸೂಸನ್ ಜಿ. ಕೋಮೆನ್ ಸಂಸ್ಥೆಯವರು ಇಂಥ ಮೊದಲ ಓಟ ಇಟ್ಟುಕೊಂಡಾಗ ಬಂದವರು ಸುಮಾರು 800 ಜನ. ಸಂಸ್ಥೆ ಕಟ್ಟಿದ ನ್ಯಾನ್ಸಿ ಬ್ರಿಂಕರ್ ಕೂಡ ನಿಮ್ಮ ಹಾಗೆ ಒಬ್ಬ ತಂಗಿ. ಅಕ್ಕ ಸೂಸನ್ 1980ರಲ್ಲಿ ಇದೇ ಕಾಯಿಲೆಯಲ್ಲಿ ತೀರಿಕೊಂಡಿದ್ದರು. (ಇದನ್ನು ಓದಿ ಹೆದರಬೇಡಿ, ಆ ಕಾಲದ ಚಿಕಿತ್ಸೆಗೂ ಈಗಿನದಕ್ಕೂ ಹೋಲಿಕೆಯೇ ಇಲ್ಲ.) ಬ್ರಿಟನ್ನಿನ ರೇಸ್ ಫಾರ್ ಲೈಫ್ 1994ರಲ್ಲಿ 680 ಹೆಂಗಸರಿಂದ ಶುರುವಾಗಿದ್ದು. ಈಗ ಮೂರು ದಿನದಲ್ಲಿ 60 ಮೈಲಿ, ಅಂದರೆ 96 ಕಿಲೋಮೀಟರ್‌ಗೂ ಮೇಲೆ ನಡೆಸುವವರೂ ಇದ್ದಾರೆ. ಆ ಲೆಕ್ಕದಲ್ಲಿ ನಿಮ್ಮದು ಚಿಕ್ಕ ನಡಿಗೆ, ಅಮ್ಮನಿಗೆ ಹೇಳಿ.

ಸರಿ, ಹಾಗೆ ಬಂದ ದುಡ್ಡಿನಿಂದ ಏನಾದರೂ ಆಗಿದೆಯಾ? ಆಗಿದೆ. ಸ್ತನ ಕ್ಯಾನ್ಸರ್‌ನಲ್ಲಿ ನೂರಕ್ಕೆ 15ರಿಂದ 20 ಭಾಗ ಹರ್2 ಅನ್ನುವ ಪ್ರೊಟೀನ್ ಜಾಸ್ತಿ ಇರುವ ಬಗೆಯದು. ಇಂಥ ಗಡ್ಡೆ ಬೇಗ ಮರಳಿ ಬರುತ್ತದೆ ಅಂತ 1987ರಲ್ಲಿ ಲಾಸ್ ಏಂಜಲೀಸ್‌ನ ಡೆನ್ನಿಸ್ ಸ್ಲೇಮನ್ ಮತ್ತು ಅವರ ಜೊತೆಯವರು ತೋರಿಸಿದರು. ಹಾಗಾದರೆ ಅದನ್ನೇ ಹಿಡಿದು ನಿಲ್ಲಿಸುವ ಔಷಧ ಮಾಡೋಣ ಅಂದರೆ ಔಷಧ ಕಂಪನಿ ಮೀನಮೇಷ ಎಣಿಸುತ್ತಿತ್ತು. ಆ ಹೊತ್ತಿನಲ್ಲಿ ಸ್ಲೇಮನ್ ಅವರ ಕೆಲಸ ನಿಲ್ಲದ ಹಾಗೆ ನೋಡಿಕೊಂಡಿದ್ದರಲ್ಲಿ ದೊಡ್ಡ ಪಾಲು ದಾನದ ಹಣದ್ದು. ಲಿಲ್ಲಿ ಟಾರ್ಟಿಕಾಫ್ ಅನ್ನುವವರು ಸೌಂದರ್ಯ ಸಾಮಗ್ರಿ ಮಾಡುವ ರೆವ್ಲಾನ್ ಕಂಪನಿಯ ಬೆನ್ನು ಬಿದ್ದು ಅದನ್ನು ಕೊಡಿಸಿದರು. ಅವರ ಗಂಡನಿಗೆ ಬೇರೊಂದು ಕ್ಯಾನ್ಸರ್ ಬಂದಾಗ ನೋಡಿಕೊಂಡಿದ್ದ ಡಾಕ್ಟರು ಇದೇ ಸ್ಲೇಮನ್, ಆ ಋಣ. ಮುಂದೆ ಅದೇ ರೆವ್ಲಾನ್ ಹೆಸರಿನಲ್ಲಿ ಸಾವಿರಾರು ಜನರ ನಡಿಗೆಗಳೂ ನಡೆದವು. ಆ ಔಷಧವೇ ಟ್ರಾಸ್ಟುಜುಮಾಬ್. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಶುರುವಿನ ಹಂತದಲ್ಲೇ ಕಿಮೋ ಜೊತೆ ಕೊಟ್ಟರೆ ಕಾಯಿಲೆ ಮರಳುವ ಸಂಭವ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ ಅಂತ 2005ರಲ್ಲಿ ಹೊರಬಂದ ದೊಡ್ಡ ಪ್ರಯೋಗಗಳು ತೋರಿಸಿದವು.

ನನಗೆ ಇದಕ್ಕಿಂತಲೂ ಮುಖ್ಯ ಅನ್ನಿಸುವುದು ಇನ್ನೊಂದು ಉದಾಹರಣೆ. ಹೊಸ ಔಷಧ ಕಂಡುಹಿಡಿಯುವುದಕ್ಕೆ ಇವತ್ತಲ್ಲ ನಾಳೆ ಯಾರಾದರೂ ಕಂಪನಿ ದುಡ್ಡು ಹಾಕುತ್ತದೆ, ಮಾರಿ ಲಾಭ ಮಾಡಬಹುದಲ್ವಾ. ಆದರೆ "ಇವರಿಗೆ ಕಿಮೋ ಬೇಡವೇ ಬೇಡ, ಬರೀ ಮಾತ್ರೆ ಸಾಕು" ಅಂತ ಪತ್ತೆ ಮಾಡುವುದರಲ್ಲಿ ಯಾವ ಔಷಧ ಕಂಪನಿಗೆ ಲಾಭ? ಟೇಲರ್‌ಎಕ್ಸ್ ಅನ್ನುವ ಪ್ರಯೋಗ ಇದನ್ನೇ ನೋಡಿತು. ಹತ್ತು ಸಾವಿರಕ್ಕೂ ಜಾಸ್ತಿ ಹೆಂಗಸರು ಸೇರಿಕೊಂಡಿದ್ದರು. ಹಾರ್ಮೋನ್ ಮಾತ್ರೆಗೆ ಬಗ್ಗುವ, ಹರ್2 ಅಲ್ಲದ, ಕಂಕುಳಿನ ಗ್ರಂಥಿಗೆ ಹರಡದ ಕ್ಯಾನ್ಸರ್ ಅವರದು. ಗಡ್ಡೆಯ 21 ಜೀನ್‌ಗಳನ್ನು ಪರೀಕ್ಷೆ ಮಾಡಿ ಅಂಕ ಕೊಟ್ಟರು. ನಡುವಿನ ಅಂಕ ಬಂದವರಲ್ಲಿ 50 ದಾಟಿದವರಿಗೆ ಕಿಮೋದಿಂದ ಹೆಚ್ಚುವರಿ ಲಾಭ ಏನೂ ಇಲ್ಲ ಅಂತ 2018ರಲ್ಲಿ ಗೊತ್ತಾಯಿತು. ಅಲ್ಲಿಂದಾಚೆ ಅಂಥವರಿಗೆ ಕೂದಲು ಉದುರುವುದು, ವಾಂತಿ, ಜೋಮು ಎಲ್ಲ ತಪ್ಪಿತು. ಇದಕ್ಕೆ ಮುಖ್ಯವಾಗಿ ಹಣ ಕೊಟ್ಟಿದ್ದು ಅಮೆರಿಕ ಸರ್ಕಾರದ ಕ್ಯಾನ್ಸರ್ ಸಂಸ್ಥೆ. ಅದರ ಜೊತೆಗೆ ಕೋಮೆನ್, ಬ್ರೆಸ್ಟ್ ಕ್ಯಾನ್ಸರ್ ರಿಸರ್ಚ್ ಫೌಂಡೇಶನ್‌ನಂಥ ದಾನದ ಸಂಸ್ಥೆಗಳು, ಸಾಲದ್ದಕ್ಕೆ ಜನ ಒಂದಿಷ್ಟು ಜಾಸ್ತಿ ಕೊಟ್ಟು ಕೊಳ್ಳುತ್ತಿದ್ದ ಒಂದು ಅಂಚೆ ಚೀಟಿಯ ಹಣವೂ ಸೇರಿತ್ತು. ಕಿಮೋ ಮುಗಿಸಿ ಬಂದ ಅಕ್ಕನನ್ನು ಹತ್ತಿರದಿಂದ ನೋಡಿದ್ದೀರಿ, ಇದರ ಬೆಲೆ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಮನೆಯವರ ಅನುಮಾನ ಪೂರ್ತಿ ಹೋಗಬಾರದು ಅಂತಲೇ ನನ್ನ ಆಸೆ. ಯಾಕೆಂದರೆ ಸ್ತನ ಕ್ಯಾನ್ಸರ್‌ನ ಗುರುತಾದ ಗುಲಾಬಿ ರಿಬ್ಬನ್ ಕಟ್ಟಿದ್ದೆಲ್ಲ ಸಂಶೋಧನೆಗೆ ಹೋಗುವುದಿಲ್ಲ. ಇಂಥ ನಡಿಗೆಗಳ ಹಣ ನಾಲ್ಕು ಕಡೆ ಹೋಗಬಹುದು: ಅರಿವು ಮೂಡಿಸುವ ಕಾರ್ಯಕ್ರಮಕ್ಕೆ, ಮ್ಯಾಮೊಗ್ರಾಮ್‌ನಂಥ ತಪಾಸಣೆಗೆ, ರೋಗಿಗಳ ನೆರವಿಗೆ, ಸಂಶೋಧನೆಗೆ. ನಾಲ್ಕೂ ಒಳ್ಳೆಯವೇ. ಆದರೆ ನೀವು ಜನರ ಹತ್ತಿರ "ಸಂಶೋಧನೆಗೆ ಕೊಡಿ" ಅಂತ ಕೇಳಿದ ಮೇಲೆ ಅದು ಸಂಶೋಧನೆಗೇ ಹೋಗಬೇಕು. ಹೆಸರು ಕೊಡುವ ಮುಂಚೆ ಸಂಸ್ಥೆಯ ಹೋದ ವರ್ಷದ ವಾರ್ಷಿಕ ವರದಿ ತೆಗೆದು ನೋಡಿ. ಫೋಟೋಗಳನ್ನು ದಾಟಿಕೊಂಡು ಹಿಂದಕ್ಕೆ ಹೋದರೆ ಆಡಿಟ್ ಆದ ಲೆಕ್ಕದ ಪುಟ ಸಿಗುತ್ತದೆ. ಅಲ್ಲಿ ಖರ್ಚನ್ನು ಸಾಮಾನ್ಯವಾಗಿ ಮೂರು ಸಾಲಿನಲ್ಲಿ ಬರೆದಿರುತ್ತಾರೆ: ಕಾರ್ಯಕ್ರಮ, ಆಡಳಿತ, ಹಣ ಸಂಗ್ರಹ. "ನಮ್ಮ ಹಣದಲ್ಲಿ ಇಷ್ಟು ಪಾಲು ಕಾರ್ಯಕ್ರಮಕ್ಕೇ" ಅಂತ ದೊಡ್ಡ ಅಕ್ಷರದಲ್ಲಿ ಹಾಕಿಕೊಂಡಿದ್ದರೆ ಅಲ್ಲಿಗೇ ತೃಪ್ತರಾಗಬೇಡಿ. ಆ ಕಾರ್ಯಕ್ರಮ ಅನ್ನುವ ಸಾಲಿನ ಒಳಗೆ ಇಣುಕಿ. ಕರಪತ್ರ ಹಂಚಿದ್ದು, ಜಾಹೀರಾತು ಕೊಟ್ಟಿದ್ದು, ಕೆಲವು ಸಲ ಇದೇ ನಡಿಗೆಯ ಒಂದಷ್ಟು ಖರ್ಚು ಕೂಡ ಅರಿವು ಅನ್ನುವ ಹೆಸರಿನಲ್ಲಿ ಅಲ್ಲೇ ಕೂತಿರುತ್ತದೆ. ಸಂಶೋಧನೆಗೆ ಕೊಟ್ಟ ಅನುದಾನ ಅಂತ ಬೇರೆ ಅಂಕಿ ಇದೆಯಾ, ಯಾವ ಲ್ಯಾಬಿಗೆ, ಯಾವ ಕೆಲಸಕ್ಕೆ ಅಂತ ಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ಒಂದು ಇಮೇಲ್ ಹಾಕಿ ಕೇಳಿ. ಚೆನ್ನಾಗಿ ನಡೆಸುವ ಸಂಸ್ಥೆಗೆ ಈ ಪ್ರಶ್ನೆ ಹೊಸದಲ್ಲ, ಉತ್ತರ ತಯಾರಿರುತ್ತದೆ. ಹಾರಿಕೆಯ ಉತ್ತರ ಬಂದರೆ ಬೇರೆ ನಡಿಗೆ ಹುಡುಕಿ, ನಡೆಯುವುದಕ್ಕೆ ರಸ್ತೆಗೇನೂ ಬರವಿಲ್ಲ.

ಅದೇ ಇಮೇಲ್‌ನಲ್ಲಿ ಇನ್ನೂ ಮೂರು ಕೇಳಿಬಿಡಿ. ಅನುದಾನ ಯಾರಿಗೆ ಅಂತ ತೀರ್ಮಾನ ಮಾಡುವವರು ಯಾರು? ಸಂಸ್ಥೆಗೆ ಸಂಬಂಧವಿಲ್ಲದ ವಿಜ್ಞಾನಿಗಳು ಅರ್ಜಿಗಳನ್ನು ಓದಿ ಅಂಕ ಕೊಡುವ ಪದ್ಧತಿ ಇರಬೇಕು. ಹರಡಿದ ಕ್ಯಾನ್ಸರ್‌ನ ಸಂಶೋಧನೆಗೆ ಏನಾದರೂ ಕೊಡುತ್ತಾರಾ? 2022ರಲ್ಲಿ ಜಗತ್ತಿನಾದ್ಯಂತ ಸುಮಾರು 23 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು, 6 ಲಕ್ಷ 70 ಸಾವಿರ ಜನ ತೀರಿಕೊಂಡರು. ಜೀವ ತೆಗೆಯುವುದು ಎದೆಯಲ್ಲಿರುವ ಗಡ್ಡೆಯಲ್ಲ, ಮೂಳೆಗೆ, ಯಕೃತ್ತಿಗೆ (ಲಿವರ್), ಶ್ವಾಸಕೋಶಕ್ಕೆ, ಮಿದುಳಿಗೆ ಹರಡಿದ ಕಾಯಿಲೆ. ಹಾಗಿದ್ದೂ ನಗುಮುಖದ ಪೋಸ್ಟರ್‌ಗಳಲ್ಲಿ ಅದರ ಮಾತೇ ಬರುವುದಿಲ್ಲ. ಮೂರನೆಯದು, ಒಬ್ಬೊಬ್ಬರು ಕನಿಷ್ಠ ಇಷ್ಟು ಕೂಡಿಸಲೇಬೇಕು ಅಂತ ಇದೆಯಾ? ಕೆಲವು ದೊಡ್ಡ ನಡಿಗೆಗಳಲ್ಲಿ ಹಾಗಿರುತ್ತದೆ, ಕಡಿಮೆ ಬಿದ್ದಿದ್ದನ್ನು ನೀವೇ ತುಂಬಬೇಕು. ಸಹಿ ಮಾಡುವ ಮೊದಲು ಗೊತ್ತಿರಲಿ.

ಗುಲಾಬಿ ಬಣ್ಣದ ಸಾಮಾನು ಕೊಂಡರೆ ಇಷ್ಟು ಪಾಲು ದಾನ ಅನ್ನುವ ಮಾರಾಟದ ಬಗ್ಗೆ ಒಂದೇ ಮಾತು: ಬೇಕಿದ್ದರೆ ಕೊಳ್ಳಿ, ದಾನ ಅಂತ ಕೊಳ್ಳಬೇಡಿ. ಕಂಪನಿ ಕೊಡುವ ಒಟ್ಟು ಮೊತ್ತಕ್ಕೆ ಎಷ್ಟೋ ಸಲ ಮಿತಿ ಇರುತ್ತದೆ, ಅದು ಮುಟ್ಟಿದ ಮೇಲೆ ನೀವು ಕೊಂಡಿದ್ದರಿಂದ ಬಿಡಿಗಾಸೂ ಹೋಗುವುದಿಲ್ಲ. ಬ್ರೆಸ್ಟ್ ಕ್ಯಾನ್ಸರ್ ಆಕ್ಷನ್ ಅನ್ನುವ ಗುಂಪು 2002ರಿಂದಲೇ ಇದರ ವಿರುದ್ಧ ದನಿ ಎತ್ತಿದೆ.

ದುಡ್ಡು ಕೇಳುವ ವಿಷಯದಲ್ಲಿ ಮುಜುಗರ ಎಲ್ಲರಿಗೂ ಇರುವಂಥದ್ದೇ. ಇನ್ನೂರು ಜನರ ಗುಂಪಿಗೆ ಒಂದೇ ಮೆಸೇಜು ಎಸೆದರೆ ಎಲ್ಲರೂ ಬೇರೆ ಯಾರೋ ಕೊಡುತ್ತಾರೆ ಅಂದುಕೊಂಡು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಒಬ್ಬೊಬ್ಬರಿಗೇ ಹೆಸರು ಹಿಡಿದು ಬರೆಯಿರಿ. ಮೊದಲು ನಿಮ್ಮ ಹಣ ಹಾಕಿ, ಆಮೇಲೆ ಇಷ್ಟು ಅಂತ ಒಂದು ಮೊತ್ತ ಹೇಳಿ ಕೇಳಿ. "ಎಷ್ಟಾದರೂ ಪರವಾಗಿಲ್ಲ" ಅಂದರೆ ಪಾಪ, ಎಷ್ಟು ಕೊಡಬೇಕು ಅಂತ ಗೊತ್ತಾಗದೆಯೇ ಜನ ಮುಂದೂಡುತ್ತಾರೆ. ನಿಮ್ಮ ಅಥವಾ ಅವರ ಆಫೀಸಿನವರು ನೌಕರರು ಕೊಟ್ಟಷ್ಟನ್ನೇ ತಾವೂ ಸೇರಿಸಿ ಕೊಡುವ ವ್ಯವಸ್ಥೆ ಇಟ್ಟಿದ್ದಾರಾ ವಿಚಾರಿಸಿ, ಇದನ್ನು ಬಹಳ ಜನ ಮರೆಯುತ್ತಾರೆ. ಇಲ್ಲೊಂದು ಎಚ್ಚರಿಕೆ. ಅಕ್ಕನ ಕಾಯಿಲೆಯ ಕಥೆ ಹಾಕಿದರೆ ದುಡ್ಡು ಜಾಸ್ತಿ ಬರುತ್ತದೆ, ಸಂಶಯವಿಲ್ಲ. ಆದರೆ ಆ ಕಥೆ ಅಕ್ಕನದು. ಬರೆದದ್ದನ್ನು ಕಳಿಸುವ ಮೊದಲು ಅವರಿಗೆ ತೋರಿಸಿ, ಯಾವ ಸಾಲು ಬೇಡ ಅಂದರೂ ವಾದ ಮಾಡದೆ ಅಳಿಸಿ. ಕಿಮೋ ಸಮಯದ ಫೋಟೋ ಅಂತೂ ಕೇಳದೆ ಹಾಕಲೇಬೇಡಿ.

ಈಗ ಅಮ್ಮನ ಭಯದ ವಿಷಯ. ಹಿಂದೆಲ್ಲ ಡಾಕ್ಟರುಗಳೇ "ಚೆನ್ನಾಗಿ ರೆಸ್ಟ್ ಮಾಡಿ" ಅಂತ ಕಳಿಸುತ್ತಿದ್ದರು, ಹಾಗಾಗಿ ಅಮ್ಮ ಹೆದರುವುದರಲ್ಲಿ ತಪ್ಪಿಲ್ಲ. ಈಗ ಗೊತ್ತಿರುವುದು ಹೆಚ್ಚುಕಮ್ಮಿ ತಿರುವುಮುರುವು. ಕ್ಯಾನ್ಸರ್ ಚಿಕಿತ್ಸೆ ಆದ ಮೇಲೆ ಬರುವ ಸುಸ್ತು ಮಲಗಿದರೆ ಹೋಗುವಂಥದ್ದಲ್ಲ, ದಿನಾ ಒಂದಿಷ್ಟು ನಡೆದರೆ ಕಡಿಮೆಯಾಗುವಂಥದ್ದು. ವಾರಕ್ಕೆ ಮೂರು ಸಲ, ಅರ್ಧರ್ಧ ಗಂಟೆ ಚುರುಕಾಗಿ ನಡೆದರೂ ಸುಸ್ತು, ಕಳವಳ, ಮಂಕುತನ ಇಳಿಯುತ್ತವೆ ಅಂತ 2019ರಲ್ಲಿ ತಜ್ಞರ ಗುಂಪೊಂದು ಅಷ್ಟೂ ಸಂಶೋಧನೆ ಒಟ್ಟು ಹಾಕಿ ನೋಡಿ ಹೇಳಿದೆ. ಅಕ್ಕ ತೆಗೆದುಕೊಳ್ಳುವ ಮಾತ್ರೆ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್ ಆಗಿದ್ದರೆ ಹಲವರಿಗೆ ಬೆಳಿಗ್ಗೆ ಎದ್ದಾಗ ಕೀಲುಗಳು ಹಿಡಿದುಕೊಂಡಿರುತ್ತವೆ, ಅದಕ್ಕೂ ವ್ಯಾಯಾಮ ಉಪಶಮನ ಕೊಡುತ್ತದೆ.

ಹಾಗಂತ ನೇರ ಹೋಗಿ 10 ಕಿಲೋಮೀಟರ್ ನಡೆಯಿರಿ ಅಂತ ನಾನು ಹೇಳುತ್ತಿಲ್ಲ. ಅಕ್ಕನ ಡಾಕ್ಟರನ್ನು ಮೊದಲು ಕೇಳಬೇಕು, ಕೇಳುವಾಗ "ನಡೆಯಬಹುದಾ" ಅಂತ ಮೊಗಮ್ಮಾಗಿ ಕೇಳಬೇಡಿ. ಹೃದಯದ ಬಗ್ಗೆ ಕೇಳಿ. ಡಾಕ್ಸೊರುಬಿಸಿನ್ ಕೊಟ್ಟಿದ್ದರೆ (ಕೆಂಪು ಬಣ್ಣದ ಕಿಮೋ, ಅಕ್ಕನಿಗೆ ಖಂಡಿತ ನೆನಪಿರುತ್ತದೆ) ಅಥವಾ ಟ್ರಾಸ್ಟುಜುಮಾಬ್ ಕೊಟ್ಟಿದ್ದರೆ ಎರಡೂ ಕೆಲವರಲ್ಲಿ ಹೃದಯದ ಬಲ ಕುಗ್ಗಿಸುತ್ತವೆ, ಕೊನೆಯ ಎಕೋ (ಹೃದಯದ ಸ್ಕ್ಯಾನ್) ಯಾವಾಗ ಆಯಿತು, ಅದರಲ್ಲಿ ಏನಿತ್ತು ಅಂತ ತಿಳಿದುಕೊಳ್ಳಿ. ಮೂಳೆ ಸವೆತ ಇದೆಯಾ ಕೇಳಿ. ಕಾಯಿಲೆ ಮೂಳೆಗೆ ಹರಡಿದ್ದವರು ನಡೆಯಲೇಬಾರದು ಅಂತೇನಿಲ್ಲ, ಆದರೆ ಅವರ ಲೆಕ್ಕಾಚಾರ ಬೇರೆ, ಎಲ್ಲಿ ಎಷ್ಟು ಹರಡಿದೆ ಅನ್ನುವುದರ ಮೇಲೆ ಡಾಕ್ಟರೇ ಹೇಳಬೇಕು.

ಇನ್ನು ಕೈ. ಆಪರೇಶನ್ನಿನಲ್ಲಿ ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದಿದ್ದರೆ ಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ಆ ಕೈಯಲ್ಲಿ ನೀರು ತುಂಬಿ ಬಾವು ಬರುತ್ತದೆ, ಅದೇ ಲಿಂಫೆಡಿಮಾ. ಒಂದೆರಡು ಗ್ರಂಥಿ ಮಾತ್ರ ತೆಗೆದು ನೋಡಿದ್ದರೆ ಅಪಾಯ ಬಹಳ ಕಡಿಮೆ, ನೂರಕ್ಕೆ ಐದಾರು. ಗಂಟೆಗಟ್ಟಲೆ ಕೈ ಇಳಿಬಿಟ್ಟು ನಡೆದರೆ ಯಾರಿಗಾದರೂ ಬೆರಳು ಊದಿಕೊಳ್ಳುತ್ತವೆ, ಅದಕ್ಕೆ ಇಬ್ಬರೂ ಉಂಗುರ ಬಿಚ್ಚಿಟ್ಟೇ ಹೋಗಿ. ಅಕ್ಕನ ವಿಷಯದಲ್ಲಿ ಅದು ಮಾಮೂಲಿ ಊತವಾ, ಇನ್ನೊಂದಾ ಅಂತ ತಿಳಿಯಬೇಕು. ಅಭ್ಯಾಸಕ್ಕೆ ಇಳಿಯುವ ಮೊದಲೇ ಒಂದು ಟೇಪು ತಗೊಂಡು ಎರಡೂ ಕೈ ಅಳೆಯಿರಿ: ಮಣಿಕಟ್ಟಿನ ಹತ್ತಿರ, ಮೊಣಕೈಗೆ ಹತ್ತು ಸೆಂಟಿಮೀಟರ್ ಕೆಳಗೆ, ಹತ್ತು ಸೆಂಟಿಮೀಟರ್ ಮೇಲೆ. ಬರೆದಿಡಿ. ಆಮೇಲೆ ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಟೇಪನ್ನು ಬಿಗಿಯದೆ ಅಳೆಯಿರಿ. ಮಾಮೂಲಿ ಊತ ಎರಡೂ ಕೈಯಲ್ಲಿ ಬಂದು ರಾತ್ರಿಯೊಳಗೆ ಇಳಿಯುತ್ತದೆ. ಆಪರೇಶನ್ ಆದ ಕಡೆಯದು ಮಾತ್ರ ದಪ್ಪವಾಗುತ್ತಾ ಹೋದರೆ, ಭಾರ ಅನ್ನಿಸಿದರೆ, ತೋಳು ಬಿಗಿಯಾದರೆ ಫಿಸಿಯೋಥೆರಪಿಸ್ಟರಿಗೆ ತೋರಿಸಿ. ಚರ್ಮ ಕೆಂಪಾಗಿ ಜ್ವರವೂ ಬಂದರೆ ಅವತ್ತೇ ಆಸ್ಪತ್ರೆಗೆ. ಬಿಗಿ ತೋಳುಚೀಲ ಹಾಕಿಕೊಳ್ಳಲು ಹೇಳಿದ್ದರೆ ನಡೆಯುವಾಗಲೂ ಅದು ಇರಲಿ. ಬ್ಯಾಗಿನ ಪಟ್ಟಿ ಆ ಹೆಗಲ ಮೇಲೆ ಬೇಡ. ಆಗಾಗ ಕೈ ಎತ್ತಿ ಮುಷ್ಟಿ ಬಿಗಿದು ಬಿಡಲಿ. ಆ ಕೈಯಲ್ಲಿ ಏನೂ ಎತ್ತಲೇಬಾರದು ಅನ್ನುವ ಹಳೆಯ ಕಟ್ಟಪ್ಪಣೆ ಈಗಿಲ್ಲ. ನಿಧಾನವಾಗಿ ಭಾರ ಹೆಚ್ಚಿಸುತ್ತಾ ಹೋದರೆ ಬಾವು ಜಾಸ್ತಿಯಾಗುವುದಿಲ್ಲ ಅಂತ 2009ರಲ್ಲೇ ಒಂದು ಒಳ್ಳೆಯ ಪ್ರಯೋಗ ತೋರಿಸಿದೆ.

ಕಾಲನ್ನು ಯಾರೂ ಕೇಳುವುದೇ ಇಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ತರದ ಕಿಮೋ ಆದ ಎಷ್ಟೋ ಜನರಿಗೆ ಪಾದದಲ್ಲಿ ಜೋಮು ಉಳಿದಿರುತ್ತದೆ, ಶೂ ಒಳಗೆ ಸಣ್ಣ ಕಲ್ಲು ಸೇರಿದ್ದೂ ಗೊತ್ತಾಗುವುದಿಲ್ಲ, ಗುಳ್ಳೆ ಎದ್ದು ಒಡೆದ ಮೇಲೆ ಸಾಕ್ಸ್ ಒದ್ದೆಯಾದಾಗಲೇ ತಿಳಿಯುವುದು. ಪ್ರತಿ ಸಲ ಶೂ ಹಾಕುವ ಮೊದಲು ಒಳಗೆ ಕೈಯಾಡಿಸಲಿ, ಬಂದ ಮೇಲೆ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಲಿ. ಹೊಸ ಶೂ ನಡಿಗೆಯ ದಿನಕ್ಕೆ ಅಂತ ಎತ್ತಿಡಬೇಡಿ, ಇದು ಇಬ್ಬರಿಗೂ. ಅಕ್ಕ ಬ್ರಾ ಒಳಗೆ ಕೃತಕ ಸ್ತನ ಇಟ್ಟುಕೊಳ್ಳುತ್ತಾರಾದರೆ ದೂರ ನಡೆದಾಗ ಬೆವರಿಗೆ ಅದು ಉಜ್ಜಿ ಗಾಯ ಮಾಡುತ್ತದೆ, ಹಗುರವಾದ ಬಟ್ಟೆಯದ್ದು ಹಾಕಿಕೊಂಡರೆ ಹಿತ, ಅಂಚಿಗೆ ಒಂದಿಷ್ಟು ವ್ಯಾಸಲಿನ್ ಸವರಿಕೊಂಡರೆ ಇನ್ನೂ ಒಳ್ಳೆಯದು. ರೇಡಿಯೇಶನ್ ಆದ ಜಾಗಕ್ಕೆ ಬಿಸಿಲು ತಾಗಬಾರದು, ಮುಚ್ಚಿಕೊಳ್ಳಲಿ.

ಮೂರು ತಿಂಗಳು ಧಾರಾಳ ಸಮಯ. ಅಕ್ಕ 15 ನಿಮಿಷದಿಂದ ಶುರು ಮಾಡಲಿ, ಮಾತಾಡಲು ಆಗಬೇಕು ಆದರೆ ಹಾಡಲು ಆಗಬಾರದು, ಆ ವೇಗ ಸಾಕು. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಕೊನೆಯಲ್ಲಿ ಒಂದು ಸಲ 7 ಕಿಲೋಮೀಟರ್ ಆರಾಮಾಗಿ ಮುಗಿಸಿದರೆ 10 ಮುಗಿಸಬಹುದು, ಪೂರ್ತಿ ದೂರ ಮೊದಲೇ ನಡೆದು ನೋಡಬೇಕಾಗಿಲ್ಲ. ನಡುವೆ ಒಂದು ವಾರ ಸುಸ್ತು ಜಾಸ್ತಿ ಅನ್ನಿಸಿದರೆ ಹಿಂದಿನ ವಾರದಷ್ಟೇ ನಡೆಯಲಿ. ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ತಲೆ ತಿರುಗುವುದು, ಒಂದೇ ಕಾಲು ಊದಿ ನೋಯುವುದು, ಇವು ಬಂದರೆ ಅಭ್ಯಾಸ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಕಾಲು ಊದುವುದನ್ನು ನಡೆದದ್ದಕ್ಕೆ ಅಂತ ತಳ್ಳಿಹಾಕಬೇಡಿ, ಕ್ಯಾನ್ಸರ್ ಆದವರಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಇರುತ್ತದೆ, ಟ್ಯಾಮಾಕ್ಸಿಫೆನ್ ಅನ್ನುವ ಹಾರ್ಮೋನ್ ಮಾತ್ರೆ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಡಿಗೆಯ ದಿನ ನೀರು ಬಾಯಾರಿದಾಗ ಕುಡಿದರೆ ಸಾಕು. ಸಿಕ್ಕ ಸಿಕ್ಕ ಮೇಜಿನಲ್ಲೆಲ್ಲ ನಿಂತು ಕುಡಿದರೆ, ಅದರಲ್ಲೂ ದಿನವಿಡೀ ನಡೆಯುವ ಕಡೆ, ರಕ್ತದ ಸೋಡಿಯಂ ಇಳಿದು ತಲೆಸುತ್ತು, ವಾಂತಿ ಬರುತ್ತವೆ.

ನೀವು ಕೇಳದೇ ಇರುವ ಒಂದು ವಿಷಯ ಹೇಳದೆ ಬಿಡಲಾರೆ. ಅಕ್ಕನಿಗೆ ಬಂದಿದೆ ಅಂದರೆ ನಿಮಗೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡರಷ್ಟು. ಬಂದೇ ಬರುತ್ತದೆ ಅಂತಲ್ಲ, ಅಕ್ಕ-ತಂಗಿಯರಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ. ವಂಶದಲ್ಲಿ ಇಳಿದು ಬರುವ ಜೀನ್ ದೋಷದಿಂದ ಆಗುವುದು ನೂರಕ್ಕೆ 5ರಿಂದ 10 ಮಾತ್ರ. ಮೇರಿ ಕ್ಲೇರ್ ಕಿಂಗ್ 1990ರಲ್ಲಿ ಜಾಡು ಹಿಡಿದ ಬಿಆರ್‌ಸಿಎ1 ಅಂಥದ್ದೊಂದು ಜೀನ್. ಅಕ್ಕನಿಗೆ ಬಂದಿದ್ದು 44ಕ್ಕೇ ಆದ್ದರಿಂದ ಜೀನ್ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಮೊದಲು ಪರೀಕ್ಷೆ ಮಾಡಬೇಕಾದ್ದು ಕಾಯಿಲೆ ಬಂದವರಿಗೆ, ಅವರಲ್ಲಿ ದೋಷ ಸಿಕ್ಕರೆ ಆಮೇಲೆ ನಿಮಗೆ. ನಿಮ್ಮ ತಪಾಸಣೆ ಯಾವ ವಯಸ್ಸಿಗೆ ಶುರುವಾಗಬೇಕು ಅನ್ನುವುದನ್ನೂ ಅದೇ ಭೇಟಿಯಲ್ಲಿ ಮಾತಾಡಿಕೊಂಡು ಬನ್ನಿ. ನಡಿಗೆಗೆ ಮೂರು ತಿಂಗಳು ತಯಾರಾಗಿ ಈ ಅರ್ಧ ಗಂಟೆಯ ಕೆಲಸ ಮುಂದೂಡುವವರನ್ನು ಎಷ್ಟೋ ಸಲ ನೋಡಿದ್ದೇನೆ.

ನಡಿಗೆಯ ದಿನದ ಬಗ್ಗೆ ಕೊನೆಯದಾಗಿ. ಅಲ್ಲಿ ಡೋಲು, ಕುಣಿತ, "ಗೆದ್ದವರು ಮುಂದೆ ಬನ್ನಿ" ಅನ್ನುವ ಕೂಗು ಎಲ್ಲ ಇರುತ್ತದೆ. ಕೆಲವರಿಗೆ ಅದು ಬಹಳ ಖುಷಿ ಕೊಡುತ್ತದೆ. ಇನ್ನು ಕೆಲವರಿಗೆ, ಅದರಲ್ಲೂ ಚಿಕಿತ್ಸೆ ಮುಗಿದು ಒಂದು ವರ್ಷವೂ ಆಗದವರಿಗೆ, ತೀರಿಕೊಂಡವರ ಫೋಟೋ ಎದೆಗೆ ಚುಚ್ಚಿಕೊಂಡು ನಡೆಯುವ ಮನೆಯವರನ್ನು ನೋಡಿದಾಗ ಕಾಲೇ ಏಳುವುದಿಲ್ಲ. ಅಕ್ಕ ಯಾವ ತರದವರೋ ಅವರಿಗೂ ಮೊದಲೇ ಗೊತ್ತಿರಲಿಕ್ಕಿಲ್ಲ. ಚಿಕಿತ್ಸೆ ಆದವರಿಗೆ ಬೇರೆ ಬಣ್ಣದ ಶರ್ಟು ಕೊಡುತ್ತಾರೆ, ಅದು ಬೇಕಾ ಬೇಡವಾ ಅಂತ ಹೆಸರು ಕೊಡುವಾಗಲೇ ಅಕ್ಕನನ್ನು ಕೇಳಿ, ನೀವೇ ಗುರುತು ಹಾಕಬೇಡಿ. ನಿಮ್ಮ ಮನೆಯವರನ್ನೂ ಎಬ್ಬಿಸಿಕೊಂಡು ಹೋಗಿ, ಗಂಡಸರಿಗೂ ಈ ಕ್ಯಾನ್ಸರ್ ಬರುತ್ತದೆ, ಇದು ಬಂದ ನೂರು ಜನರಲ್ಲಿ ಒಬ್ಬರಷ್ಟು ಗಂಡಸರು. ಅರ್ಧ ದಾರಿಯಲ್ಲಿ ಅವರು ಗಾಡಿ ಇಟ್ಟುಕೊಂಡು ನಿಂತಿದ್ದರೆ ಅಕ್ಕನಿಗೆ ಯಾವಾಗ ಬೇಕಾದರೂ ಹತ್ತಿಕೊಳ್ಳುವ ಧೈರ್ಯ, ಅಮ್ಮನಿಗೂ ಸಮಾಧಾನ. ಇಂಥ ಕಡೆ 3 ಅಥವಾ 5 ಕಿಲೋಮೀಟರ್‌ನ ಚಿಕ್ಕ ದಾರಿ ಇಟ್ಟಿರುವುದುಂಟು, ಹಣ ಕೂಡುವುದಕ್ಕೂ ದೂರಕ್ಕೂ ಸಂಬಂಧವಿಲ್ಲ. ಸಂಸ್ಥೆಯ ಲೆಕ್ಕ ಸರಿ ಇದ್ದು ಡಾಕ್ಟರೂ ಒಪ್ಪಿದರೆ ಇಬ್ಬರೂ 10ಕ್ಕೇ ಹೆಸರು ಕೊಡಿ, ಆಮೇಲೆ ಚಿಕ್ಕ ದಾರಿಗೆ ಬದಲಿಸಿಕೊಳ್ಳಲು ಬಿಡುತ್ತಾರಾ, ಎಷ್ಟು ದಿನ ಮುಂಚೆ ಹೇಳಬೇಕು ಅಂತ ಮಾತ್ರ ಆ ಇಮೇಲ್‌ನಲ್ಲೇ ಕೇಳಿಬಿಡಿ.